ಅವಸರವನ್ನರಿಯದ ವಿದ್ವಾಂಸ: ಪ್ರೊ. ಎಂ. ಹಿರಿಯಣ್ಣನವರು

ವಿದ್ಯಾರ್ಥಿಯ ಶತ್ರುಗಳು ಯಾರೆಂದು ಕೇಳಿದರೆ ಸೋಮಾರಿತನ, ದುಸ್ಸಹವಾಸ, ಕಾಲಹರಣವೆಂದು ಹಿರಿಯರು ಹೇಳುವರು. ಅದು ನಿಜವೇ. ಆದರೆ ಇವುಗಳಲ್ಲದೆ ಮತ್ತೊಂದು ಶತ್ರುವುಂಟು. ಅದು ಸೋಮಾರಿಯ ಬಳಿಗೆ ಸುಳಿಯುವುದಿಲ್ಲ. ಕಷ್ಟಪಟ್ಟು ಓದುವವನನ್ನೇ ಹುಡುಕಿಕೊಂಡು ಬರುತ್ತದೆ. ಎಲ್ಲರೂ ಮುಂದೆ ಹೋದರು, ತಾನೊಬ್ಬನೇ ಹಿಂದುಳಿದೆನೆಂಬ ಭಯ. ಆ ಭಯದಿಂದ ಹುಟ್ಟಿದ, ತನ್ನನ್ನು ತಾನೇ ಹಗಲಿರುಳೂ ಹಳಿದುಕೊಳ್ಳುವ ಚಾಳಿ. ಇದೇ ಆ ಶತ್ರು.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಂದೆಯವರು ಅನ್ನಪೂರ್ಣೇಶ್ವರಿ ನಗರದಲ್ಲಿ ಒಂದು ಸಣ್ಣ ಅಂಗಡಿಯಲ್ಲಿ ದರ್ಜಿಯ ಕೆಲಸ ಮಾಡುತ್ತಾರೆ. ಎರಡನೆಯ ವರ್ಷದ ತತ್ತ್ವಶಾಸ್ತ್ರದ ಪತ್ರಿಕೆಯೊಂದರಲ್ಲಿ ನಾನು ಅನುತ್ತೀರ್ಣನಾದೆ. ತಂದೆಯವರು ಒಂದು ಮಾತನ್ನೂ ಆಡಲಿಲ್ಲ. ಅವರು ಬಯ್ಯದಿದ್ದುದನ್ನೆಲ್ಲ ನಾನೇ ನನಗೆ ಬಯ್ದುಕೊಂಡೆ. ಶಿಕ್ಷೆಯೆಂಬಂತೆ ರಾತ್ರಿಯೂಟ ಬಿಟ್ಟೆ. ಬೆಳಗಿನ ಮೂರು ಗಂಟೆಯವರೆಗೆ ಪುಸ್ತಕದ ಮುಂದೆ ಕುಳಿತೆ. ತಲೆನೋವು ಬಂದಿತು, ಪಾಠ ಮಾತ್ರ ತಲೆಗೆ ಹತ್ತಲಿಲ್ಲ. ಆ ದಿನಗಳಲ್ಲಿ ಮರುಪರೀಕ್ಷೆಗೆಂದು ಗ್ರಂಥಾಲಯದಿಂದ ತಂದ ಪುಸ್ತಕ ಮೈಸೂರಿನ ಪ್ರೊಫೆಸರ್ ಹಿರಿಯಣ್ಣನವರದು. ಪಕ್ಕದಲ್ಲಿ ನಿಘಂಟನ್ನಿಟ್ಟುಕೊಂಡು ಆ ಇಂಗ್ಲಿಷ್ ಗ್ರಂಥವನ್ನು ಓದುತ್ತ, ಬರೆದವರ ಬಾಳನ್ನು ತಿಳಿಯಬೇಕೆಂಬ ಕುತೂಹಲ ಹುಟ್ಟಿತು. ತಿಳಿದ ಮೇಲೆ ನನ್ನ ಅವಸರಕ್ಕೆ ನನಗೇ ನಾಚಿಕೆಯಾಯಿತು. ನನ್ನಂತೆಯೇ ಇರುವ ಸಹಪಾಠಿಗಳಿಗೆ ಉಪಯೋಗವಾದೀತೆಂದು ಆ ಬಾಳನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇನೆ.

ಹಿರಿಯಣ್ಣನವರು 1871ರಲ್ಲಿ ಮೈಸೂರಿನಲ್ಲಿ ಜನಿಸಿದರು. ಸಂಸ್ಕೃತವನ್ನು ಸಂಪ್ರದಾಯದ ಪಂಡಿತರಲ್ಲಿಯೂ, ಪಾಶ್ಚಾತ್ಯ ವಿದ್ಯೆಯನ್ನು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿಯೂ ಪಡೆದರು. ಆದರೆ ಪದವಿ ಬಂದೊಡನೆ ಪ್ರಾಧ್ಯಾಪಕರ ಪೀಠ ಅವರಿಗಾಗಿ ಕಾದಿರಲಿಲ್ಲ. ಅವರ ಉದ್ಯೋಗಜೀವನದ ಮೊದಲ ಘಟ್ಟ ಕಳೆದುದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. 1891ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯೇ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ ಲೋಕಕ್ಕೆ ತಿಳಿಸಿದುದು ಇಲ್ಲಿಂದಲೇ. ಅದು 1909ರಲ್ಲಿ ಅಚ್ಚಾಯಿತು. ಗ್ರಂಥಾಲಯದ ತರುವಾಯ ಹಿರಿಯಣ್ಣನವರು ಶಿಕ್ಷಕರಾದರು. ಮೈಸೂರಿನ ನಾರ್ಮಲ್ ಸ್ಕೂಲಿನಲ್ಲಿ, ಅಂದರೆ ಉಪಾಧ್ಯಾಯರನ್ನು ತರಬೇತು ಮಾಡುವ ಶಾಲೆಯಲ್ಲಿ, ಮುಖ್ಯೋಪಾಧ್ಯಾಯರಾಗಿದ್ದರು. ಮಹಾರಾಜಾ ಕಾಲೇಜಿಗೆ ಬಂದುದು 1912ರಲ್ಲಿ. ಆಗ ಅವರಿಗೆ ನಾಲ್ವತ್ತು ದಾಟಿದ್ದಿತು.

ನಮ್ಮ ಲೆಕ್ಕದಲ್ಲಿ ನೋಡಿದರೆ ಈ ಇಪ್ಪತ್ತು ವರ್ಷ ವ್ಯರ್ಥವಾದುವೆನ್ನಬೇಕು. ನಲವತ್ತಕ್ಕೆ ಕಾಲೇಜಿನ ಕೆಲಸ ಸಿಕ್ಕಿತೆಂದರೆ ಇಂದಿನವರು ಆತನನ್ನು ಸೋತವನೆಂದೇ ಎಣಿಸುವರು. ಆದರೆ ಫಲವನ್ನು ನೋಡಿ ಹೇಳುವುದಾದರೆ, ಗ್ರಂಥಾಲಯದ ದಿನಗಳು ಅವರಿಗೆ ಮೂಲಗ್ರಂಥಗಳ ಪರಿಚಯವನ್ನು ಕೊಟ್ಟುವು. ಶಾಲೆಯ ದಿನಗಳು ಕಠಿಣವಾದುದನ್ನು ತಿಳಿಯಾಗಿ ಹೇಳುವ ಅಭ್ಯಾಸವನ್ನು ಕೊಟ್ಟುವು. ಮುಂದೆ ಅವರ ಬರಹದಲ್ಲಿ ಲೋಕವೆಲ್ಲ ಮೆಚ್ಚಿದ ಗುಣಗಳು ಇವೆರಡೇ: ಮೂಲಕ್ಕೆ ನಿಷ್ಠೆ, ಮಾತಿಗೆ ಸ್ಪಷ್ಟತೆ. ದಾರಿ ಬಳಸಿತ್ತು, ಆದರೆ ದಾರಿ ತಪ್ಪಿರಲಿಲ್ಲ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಹಿರಿಯಣ್ಣನವರು ಅದರಲ್ಲಿ ಸಂಸ್ಕೃತ ಪ್ರಾಧ್ಯಾಪಕರಾದರು. 1918ರಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಅದೇ ಕಾಲೇಜಿಗೆ ಬಂದವರು ಸರ್ವೇಪಲ್ಲಿ ರಾಧಾಕೃಷ್ಣನ್. ಅವರು ಹಿರಿಯಣ್ಣನವರಿಗಿಂತ ಹದಿನೇಳು ವರ್ಷ ಕಿರಿಯರು. ಮೂರು ವರ್ಷಗಳಲ್ಲಿಯೇ ಅವರ ಕೀರ್ತಿ ಹಬ್ಬಿತು. 1921ರಲ್ಲಿ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಬಂಡಿಯನ್ನು ತಾವೇ ರೈಲ್ವೆ ನಿಲ್ದಾಣದವರೆಗೆ ಎಳೆದುಕೊಂಡು ಹೋದ ಕಥೆ ಮೈಸೂರಿನಲ್ಲಿ ಇಂದಿಗೂ ಹೇಳುವಂಥದು. ಭಾರತೀಯ ತತ್ತ್ವಶಾಸ್ತ್ರವನ್ನು ಕುರಿತ ಅವರ ಎರಡು ಸಂಪುಟಗಳು 1923ರಲ್ಲಿಯೂ 1927ರಲ್ಲಿಯೂ ಲಂಡನ್ನಿನಲ್ಲಿ ಪ್ರಕಟವಾದುವು.

ಆ ಬಂಡಿ ಹೊರಟ ವರ್ಷ ಹಿರಿಯಣ್ಣನವರಿಗೆ ಐವತ್ತು. ಕೆಲವು ಉಪನಿಷತ್ತುಗಳನ್ನು ಶಾಂಕರಭಾಷ್ಯದೊಡನೆ ಅವರು ಇಂಗ್ಲಿಷಿಗೆ ಅನುವಾದಿಸಿದ್ದರು. ಹೆಸರು ನಿಲ್ಲುವಂಥ ಸ್ವತಂತ್ರ ದೊಡ್ಡ ಗ್ರಂಥ ಇನ್ನೂ ಬಂದಿರಲಿಲ್ಲ. ತಾವು ವರ್ಷವರ್ಷವೂ ಪಾಠ ಹೇಳುವ ವಿಷಯವನ್ನೇ ಕುರಿತು ಕಿರಿಯ ಸಹೋದ್ಯೋಗಿಯೊಬ್ಬರ ಗ್ರಂಥ ಜಗತ್ಪ್ರಸಿದ್ಧವಾಗುವುದನ್ನು ಅವರು ಕಂಡರು. ಅವರ ಮನಸ್ಸಿನೊಳಗೆ ಏನಿತ್ತೆಂದು ಹೇಳಲು ನಾನಾರು? ಆದರೆ ಮಾಡಿದುದೇನೆಂಬುದು ಎಲ್ಲರಿಗೂ ಕಾಣುವಂತಿದೆ. ಅವರು ಸ್ಪರ್ಧೆಗೆ ನಿಲ್ಲಲಿಲ್ಲ, ಲೇಖನಿಯನ್ನು ಕೆಳಗೂ ಇಡಲಿಲ್ಲ. ತಮ್ಮ ಹೆಜ್ಜೆಯಲ್ಲಿಯೇ ನಡೆದರು.

ಆ ಹೆಜ್ಜೆ ಎಂತಹದೆಂಬುದನ್ನು ತಿಳಿಯಲು ಅವರ ಗ್ರಂಥಸಂಪಾದನೆಯ ಕೆಲಸವನ್ನು ನೋಡಬೇಕು. ಸುರೇಶ್ವರಾಚಾರ್ಯರ ನೈಷ್ಕರ್ಮ್ಯಸಿದ್ಧಿ, ಸದಾನಂದರ ವೇದಾಂತಸಾರ, ವಿಮುಕ್ತಾತ್ಮರ ಇಷ್ಟಸಿದ್ಧಿ ಇವುಗಳನ್ನು ಅವರು ಪರಿಷ್ಕರಿಸಿ ಪ್ರಕಟಿಸಿದರು. ಹಳೆಯ ಗ್ರಂಥವೊಂದನ್ನು ಸಂಪಾದಿಸುವವನು ಸಿಕ್ಕಿದ ಹಸ್ತಪ್ರತಿಗಳನ್ನೆಲ್ಲ ಎದುರಿಗಿಟ್ಟುಕೊಂಡು ಸಾಲುಸಾಲಾಗಿ ಹೋಲಿಸಬೇಕು. ಒಂದರಲ್ಲಿ ಒಂದಕ್ಷರ ಬಿಟ್ಟುಹೋಗಿರುತ್ತದೆ. ಮತ್ತೊಂದರಲ್ಲಿ ಲಿಪಿಕಾರ ತನಗೆ ತಿಳಿದಂತೆ ತಿದ್ದಿರುತ್ತಾನೆ. ಯಾವ ಪಾಠ ಮೂಲದ್ದೆಂಬುದನ್ನು ಅರ್ಥ, ವ್ಯಾಕರಣ, ಗ್ರಂಥಕಾರನ ಶೈಲಿ ಮೂರರಿಂದಲೂ ತೂಗಿ ಆರಿಸಿ, ಉಳಿದ ಪಾಠಗಳನ್ನು ಅಡಿಟಿಪ್ಪಣಿಯಲ್ಲಿ ಕಾಣಿಸಬೇಕು. ಇಲ್ಲಿ ಅವಸರಪಟ್ಟವನು ಕೆಟ್ಟನು. ಹಾಗೆಯೇ, ಸಿಕ್ಕಿದ ತಪ್ಪಿಗೆಲ್ಲ ಎದೆಗುಂದುವವನೂ ಈ ಕೆಲಸಕ್ಕೆ ಬಾರನು. ತಪ್ಪು ಕಂಡಾಗ ಗಾಬರಿಯಿಲ್ಲದೆ ತಿದ್ದಿ ಮುಂದಿನ ಸಾಲಿಗೆ ಹೋಗುವ ತಾಳ್ಮೆಯೇ ಇದರ ಮೂಲಬಂಡವಾಳ.

1927ರಲ್ಲಿ ಹಿರಿಯಣ್ಣನವರು ನಿವೃತ್ತರಾದರು. ಬಹುಜನರ ಬಾಳಿನಲ್ಲಿ ಕಥೆ ಮುಗಿಯುವುದು ಇಲ್ಲಿ; ಇವರ ಕಥೆ ಬೆಳಕಿಗೆ ಬಂದುದು ಇಲ್ಲಿಂದ. ವಿಶ್ವವಿದ್ಯಾನಿಲಯದಲ್ಲಿ ಅನೇಕ ವರ್ಷ ಮಾಡಿದ ಪಾಠಗಳನ್ನೇ ಆಧಾರವಾಗಿಟ್ಟುಕೊಂಡು ಬರೆದ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ 1932ರಲ್ಲಿ ಲಂಡನ್ನಿನ ಜಾರ್ಜ್ ಅಲೆನ್ ಅಂಡ್ ಅನ್ವಿನ್ ಸಂಸ್ಥೆಯಿಂದ ಹೊರಬಂದಿತು. ರಾಧಾಕೃಷ್ಣನ್ನರ ಸಂಪುಟಗಳನ್ನು ಪ್ರಕಟಿಸಿದುದೂ ಇದೇ ಸಂಸ್ಥೆ. ಅಂದು ಗ್ರಂಥಕರ್ತರ ವಯಸ್ಸು ಅರವತ್ತೊಂದು. ವೇದಕಾಲದಿಂದ ಹಿಡಿದು ಚಾರ್ವಾಕ, ಜೈನ, ಬೌದ್ಧ ಮತಗಳನ್ನೂ, ನ್ಯಾಯ ಸಾಂಖ್ಯಾದಿ ದರ್ಶನಗಳನ್ನೂ, ಕೊನೆಗೆ ಅದ್ವೈತ ವಿಶಿಷ್ಟಾದ್ವೈತಗಳನ್ನೂ ಒಂದೇ ಸಂಪುಟದಲ್ಲಿ, ಯಾರಿಗೂ ಅನ್ಯಾಯವಾಗದಂತೆ ನಿರೂಪಿಸಿದ ಆ ಪುಸ್ತಕವನ್ನು ತೊಂಬತ್ತು ವರ್ಷಗಳು ಕಳೆದರೂ ವಿದ್ಯಾರ್ಥಿಗಳು ಓದುತ್ತಲೇ ಇದ್ದಾರೆ. ಎರಡು ಗ್ರಂಥಗಳಿಗೂ ಸ್ಥಳವಿತ್ತು. ಮೊದಲು ಬಂದುದು ಎರಡನೆಯದರ ಬಾಗಿಲನ್ನು ಮುಚ್ಚಲಿಲ್ಲ.

ಅವರ ‘ಎಸೆನ್ಷಿಯಲ್ಸ್ ಆಫ್ ಇಂಡಿಯನ್ ಫಿಲಾಸಫಿ’ ಬಂದುದು 1949ರಲ್ಲಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ. ಮರುವರ್ಷ, 1950ರಲ್ಲಿ, ಅವರು ತೀರಿಕೊಂಡರು. ಬಿಡಿಬಿಡಿಯಾಗಿದ್ದ ಪ್ರಬಂಧಗಳನ್ನು ಮೈಸೂರಿನ ಕಾವ್ಯಾಲಯದವರು ಅನಂತರ ಪುಸ್ತಕರೂಪದಲ್ಲಿ ಹೊರತಂದರು. ಬಲ್ಲವರು ಅವರನ್ನು ಕುರಿತು ಹೇಳುವುದು ಒಂದೇ ಬಗೆಯಾಗಿದೆ: ಮಾತು ಮಿತ, ಜೀವನ ಸರಳ, ಪ್ರಚಾರವೆಂದರೆ ದೂರ.

ಹಿರಿಯಣ್ಣನವರ ಬಾಳಿಗೂ ಅವರು ಬೋಧಿಸಿದುದಕ್ಕೂ ಅಂತರವಿದ್ದಂತೆ ಕಾಣದು. ಭಾರತೀಯರಿಗೆ ತತ್ತ್ವವೆಂಬುದು ಬರಿಯ ಆಲೋಚನೆಯ ಕ್ರಮವಲ್ಲ, ಬಾಳುವ ಕ್ರಮವೆಂಬುದು ಅವರ ಗ್ರಂಥಗಳ ಮುಖ್ಯ ಪ್ರತಿಪಾದನೆ. ಪುರುಷಾರ್ಥಗಳನ್ನು ಅವರು ಮೌಲ್ಯಗಳ ದೃಷ್ಟಿಯಿಂದ ವಿವರಿಸಿದರು. ಕೆಲವು ಮೌಲ್ಯಗಳು ಬೇರೊಂದಕ್ಕೆ ಸಾಧನವಾಗಿ ಬೇಕಾದುವು. ಕೆಲವು ತಮಗಾಗಿಯೇ ಬೇಕಾದುವು. ಅರ್ಥವೆಂಬುದು ಮೊದಲ ಬಗೆಗೆ ಸೇರಿದುದು. ಇದನ್ನು ಓದಿದಾಗ ನನಗೆ ಹೊಳೆದುದಿಷ್ಟು: ಅಂಕಗಳೂ, ರ‍್ಯಾಂಕೂ, ಉದ್ಯೋಗವೂ ಸಾಧನಗಳ ಸಾಲಿಗೇ ಸೇರಿದುವು. ಸಾಧನವೊಂದು ಮುರಿದರೆ ಅದನ್ನು ಸರಿಪಡಿಸಿಕೊಳ್ಳಬೇಕು. ಅದನ್ನು ಹಿಡಿದ ಕೈಯನ್ನೇ ಕತ್ತರಿಸಿಕೊಳ್ಳಬಾರದು.

ಕಲಾನುಭವವನ್ನು ಕುರಿತ ಅವರ ವಿಚಾರವೂ ಇಲ್ಲಿ ನೆನೆಯತಕ್ಕದ್ದು. ಒಳ್ಳೆಯ ನಾಟಕವನ್ನು ನೋಡುವಾಗ, ಕಾವ್ಯವನ್ನು ಸವಿಯುವಾಗ, ನಾನು ನನ್ನದೆಂಬ ಜಗ್ಗಾಟ ಸ್ವಲ್ಪ ಹೊತ್ತು ನಿಂತು ಮನಸ್ಸಿಗೆ ವಿಶ್ರಾಂತಿ ದೊರೆಯುತ್ತದೆ. ಹೊರಗಿನ ವಸ್ತುವನ್ನು ನೆಚ್ಚಿದುದರಿಂದ ಅದು ಬಹುಕಾಲ ನಿಲ್ಲದು, ಆದರೂ ಪರಮಾನಂದದ ಒಂದು ಮುನ್ಸೂಚನೆ ಅದರಲ್ಲಿದೆಯೆಂದು ಅವರು ತೋರಿಸಿದರು. ಪರೀಕ್ಷೆಯ ದಿನಗಳಲ್ಲಿ ಒಂದು ಹಾಡನ್ನು ಕೇಳಿದರೂ ಕಳ್ಳತನ ಮಾಡಿದಂತೆ ನನಗೆ ಅನ್ನಿಸುತ್ತಿತ್ತು. ವೇದಾಂತದ ಗಂಭೀರ ವಿದ್ವಾಂಸರೊಬ್ಬರು ಆ ವಿಶ್ರಾಂತಿಗೆ ಅಷ್ಟು ಎತ್ತರದ ಸ್ಥಾನವನ್ನು ಕೊಟ್ಟಿರುವರೆಂದು ತಿಳಿದಾಗ ಆ ಅಳುಕು ಹೋಯಿತು.

ಬುದ್ಧನು ಭೋಗವನ್ನು ನಿರಾಕರಿಸಿದಷ್ಟೇ ಖಂಡಿತವಾಗಿ ದೇಹದಂಡನೆಯನ್ನೂ ನಿರಾಕರಿಸಿದನು. ಬುದ್ಧಘೋಷನು ಹೇಳುವ ಮೈತ್ರೀಭಾವನೆಯ ಅಭ್ಯಾಸವು, ತಾನು ಸುಖವಾಗಿರಲೆಂದು ತನಗೇ ಹಾರೈಸಿಕೊಳ್ಳುವುದರಿಂದ ಮೊದಲಾಗಿ, ಆಮೇಲೆ ಇತರರಿಗೆ ಹಬ್ಬುತ್ತದೆ. ಸಕಲ ಪ್ರಾಣಿಗಳಲ್ಲಿ ದಯೆಯಿರಬೇಕೆಂದರೆ ಆ ಪ್ರಾಣಿಗಳಲ್ಲಿ ನಾನೂ ಒಬ್ಬನಲ್ಲವೆ? ಗೆಳೆಯನು ಫೇಲಾದರೆ ಬೆನ್ನು ತಟ್ಟುವ ನಾವು ನಮ್ಮ ಬೆನ್ನಿಗೆ ಬಾಸುಂಡೆ ಬರಿಸುವುದು ಯಾವ ನ್ಯಾಯ?

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಹಿರಿಯಣ್ಣನವರಿಗೆ ಉದ್ಯೋಗವಿತ್ತು, ನಮಗೆ ಮನೆಯ ಬಾಡಿಗೆಯ ಚಿಂತೆ. ಕಾಯುವುದು ಅನುಕೂಲವುಳ್ಳವರಿಗೆ ಸರಿ, ಮೊದಲ ತಲೆಮಾರಿನ ಪದವೀಧರನಿಗೆ ಅದು ಸಾಧ್ಯವೆ? ಈ ಆಕ್ಷೇಪಣೆಯಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕಲಾರೆ. ನಾನು ಪದವಿ ಮುಗಿದೊಡನೆ ಸಿಕ್ಕಿದ ಕೆಲಸಕ್ಕೆ ಸೇರಬೇಕಾದವನು. ಆದರೆ ಹಿರಿಯಣ್ಣನವರ ಬಾಳು ಕೈಕಟ್ಟಿ ಕುಳಿತಿರಲು ಹೇಳುವುದಿಲ್ಲ. ಅವರೂ ದೊರೆತ ಕೆಲಸವನ್ನೇ ಇಪ್ಪತ್ತು ವರ್ಷ ಮಾಡಿದರು. ಕೆಲಸದಲ್ಲಿ ಬಿಗಿಯಾಗಿರುವುದು ಬೇರೆ, ತನ್ನ ಮೇಲೆ ಕ್ರೂರವಾಗಿರುವುದು ಬೇರೆ. ಮೊದಲನೆಯದರಿಂದ ಗ್ರಂಥ ಹುಟ್ಟುತ್ತದೆ, ಎರಡನೆಯದರಿಂದ ತಲೆನೋವು. ಇನ್ನು ಆ ಭಾರ ಹೊರಲಾರದಷ್ಟಾದರೆ ಓದಿನಿಂದ ಮಾತ್ರವೇ ಅದು ಇಳಿಯುವುದಿಲ್ಲ. ಮನೆಯವರಿಗೋ ಗುರುಗಳಿಗೋ ಬಾಯಿಬಿಟ್ಟು ಹೇಳಬೇಕು, ವೈದ್ಯರನ್ನು ಕಾಣಬೇಕು. ನಮ್ಮ ಊರಿನಲ್ಲಿಯೇ ನಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಗೆ 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಹಣವಿಲ್ಲದೆ ಸಲಹೆ ದೊರೆಯುತ್ತದೆ. ಜ್ವರಕ್ಕೆ ಔಷಧ ಕೇಳಲು ನಾಚದವನು ಇದಕ್ಕೂ ನಾಚಬೇಕಾದುದಿಲ್ಲ.

ಮರುಪರೀಕ್ಷೆಗೆ ನಾನು ದಿನಕ್ಕೆ ಇಂತಿಷ್ಟು ಪುಟವೆಂದು ಗೊತ್ತುಮಾಡಿಕೊಂಡು, ಹೊತ್ತಿಗೆ ಸರಿಯಾಗಿ ಉಂಡು, ಮಲಗಿ ಓದಿದೆ. ಉತ್ತೀರ್ಣನಾದೆ, ದೊಡ್ಡ ಅಂಕಗಳೇನೂ ಅಲ್ಲ. ಫಲಿತಾಂಶ ಬಂದ ಸಂಜೆ ತಂದೆಯವರ ಅಂಗಡಿಗೆ ಹೋದೆ. ತೋಳು ಸರಿಯಾಗಿ ಕೂಡದ ಒಂದು ಅಂಗಿ ಅವರ ಕೈಯಲ್ಲಿದ್ದಿತು. ಹೊಲಿಗೆಯನ್ನು ನಿಧಾನವಾಗಿ ಬಿಚ್ಚುತ್ತಿದ್ದರು. ಹೊಲಿಗೆ ತಪ್ಪಿತೆಂದು ದರ್ಜಿ ಬಟ್ಟೆಯನ್ನು ಹರಿದು ಎಸೆಯುವುದಿಲ್ಲ. ಬಿಚ್ಚಿ ಮತ್ತೆ ಹೊಲಿಯುತ್ತಾನೆ. ಹುಟ್ಟಿದಂದಿನಿಂದ ಕಣ್ಣೆದುರಿಗಿದ್ದ ಈ ಪಾಠ ನನಗೆ ಅರ್ಥವಾಗಲು ಮೈಸೂರಿನ ಹಿರಿಯಣ್ಣನವರು ಬರಬೇಕಾಯಿತು.