ತಬಲಾ ವಾದಕ ಅಹಮದ್ ಜಾನ್ ಥಿರಕವಾ



ಕೊನೆಯ ತಾಸಿನ ಗಂಟೆ ಬಾರಿಸುವ ಮೊದಲೇ ಹಿಂದಿನ ಬೆಂಚುಗಳ ಮೇಲೆ ನಿಮ್ಮಲ್ಲಿ ಕೆಲವರ ಬೆರಳುಗಳು ತಾಳ ಹಾಕತೊಡಗುವುದನ್ನು ನಾನು ಅನೇಕ ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಗದರಿಸುವುದು ಶಿಕ್ಷಕನ ಧರ್ಮವಾದುದರಿಂದ ಗದರಿಸಿಯೂ ಇದ್ದೇನೆ. ಅಂಥವರಲ್ಲಿ ಇಬ್ಬರು ಈ ವರ್ಷ ಸಂಜೆಯ ಹೊತ್ತು ತಬಲಾ ಕಲಿಯಲು ಸೇರಿದರೆಂದೂ, ಎರಡು ತಿಂಗಳು ಕಳೆದರೂ ಗುರುಗಳು ಮೊದಲಿನ ಪಾಠವನ್ನು ಬಿಟ್ಟು ಮುಂದೆ ಹೋಗಗೊಡಲಿಲ್ಲವೆಂದು ಬೇಸತ್ತು ಬಿಟ್ಟರೆಂದೂ ಈಚೆಗೆ ತಿಳಿಯಿತು. ಅವರನ್ನು ಹಳಿಯುವ ಅಧಿಕಾರ ನನಗಿಲ್ಲ. ಊರು ಬಿಟ್ಟು ಮುಂಬಯಿಗೆ ಬಂದ ಹೊಸತರಲ್ಲಿ ನಾನೂ ಒಂದು ಜೊತೆ ತಬಲಾ ಕೊಂಡು, ಆರು ವಾರ ಕಲಿತು, ಅದೇ ಕಾರಣಕ್ಕಾಗಿಯೇ ಬಿಟ್ಟವನು. ಆ ವಾದ್ಯಗಳ ಮೇಲೆ ಇಂದು ನನ್ನ ಹಳೆಯ ಪುಸ್ತಕಗಳು ಕುಳಿತಿವೆ. ಆದುದರಿಂದ ಇದೇ ಮುಂಬಯಿಯಲ್ಲಿ ಬಾಲಕನಾಗಿ ತಬಲಾ ಕಲಿತ ಒಬ್ಬ ಮಹನೀಯರ ಚರಿತ್ರೆಯನ್ನು ಅವರಿಬ್ಬರಿಗಾಗಿಯೂ ನನಗಾಗಿಯೂ ಬರೆಯುತ್ತಿದ್ದೇನೆ.

ಉತ್ತರ ಪ್ರದೇಶದ ಮುರಾದಾಬಾದ್ ಪಿತ್ತಳೆಯ ಪಾತ್ರೆಗಳಿಗೆ ಹೆಸರಾದ ನಗರ. ಅಲ್ಲಿ 1892ನೆಯ ಇಸವಿಯ ಸುಮಾರಿಗೆ ಸಂಗೀತಗಾರರ ಮನೆತನವೊಂದರಲ್ಲಿ ಅಹಮದ್ ಜಾನ್ ಜನಿಸಿದರು. ಮನೆಯಲ್ಲಿ ತಬಲಾ ಬಾರಿಸುವವರಿದ್ದರೂ ಬಾಲಕನಿಗೆ ಮೊದಲು ದೊರೆತದ್ದು ಹಾಡುಗಾರಿಕೆಯ ಮತ್ತು ಸಾರಂಗಿಯ ಶಿಕ್ಷಣ. ಅದನ್ನೇ ಮುಂದುವರಿಸಿದ್ದರೆ ಆತನು ಒಳ್ಳೆಯ ಗಾಯಕನೋ ಸಾರಂಗಿ ವಾದಕನೋ ಆಗುತ್ತಿದ್ದನು. ಆದರೆ ಉಸ್ತಾದ್ ಮುನೀರ್ ಖಾನರ ತಬಲಾ ವಾದನವು ಒಮ್ಮೆ ಕಿವಿಗೆ ಬಿದ್ದ ಮೇಲೆ ಬೇರೆ ಯಾವುದರಲ್ಲಿಯೂ ಆತನ ಮನಸ್ಸು ನಿಲ್ಲದಾಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಆತನು ಮುನೀರ್ ಖಾನರ ಶಿಷ್ಯನಾದನು. ಹನ್ನೆರಡು ವರ್ಷವೆಂದರೆ ನಿಮ್ಮಲ್ಲಿ ಆರನೆಯ ಏಳನೆಯ ಇಯತ್ತೆಯವರ ವಯಸ್ಸು. ಗುರುಗಳ ವಾಸ ಮುಂಬಯಿಯಲ್ಲಿ. ಪರಿಚಯವಿಲ್ಲದ ಊರು, ತಿಳಿಯದ ಮರಾಠಿ ಮಾತು. ಆ ಅವಸ್ಥೆಯನ್ನು ನಮ್ಮ ಶಾಲೆಯ ಮಕ್ಕಳಿಗೆ ನಾನು ವಿವರಿಸಬೇಕಾಗಿಲ್ಲ.

ಮುನೀರ್ ಖಾನರು ಸಾಮಾನ್ಯ ಗುರುಗಳಾಗಿರಲಿಲ್ಲ. ಅನೇಕ ಉಸ್ತಾದರ ಬಳಿ ಕಲಿತು, ಬೇರೆ ಬೇರೆ ಮನೆತನಗಳು ಬಚ್ಚಿಟ್ಟುಕೊಂಡಿದ್ದ ರಚನೆಗಳನ್ನು ಅವರು ಸಂಗ್ರಹಿಸಿದ್ದರು. ಇಂಥವರ ಮನೆಯಲ್ಲಿ ಹೊಸ ಶಿಷ್ಯನು ಮೊದಲು ಏನು ಕಲಿಯುತ್ತಾನೆ? ಕೈಯನ್ನು ಎಲ್ಲಿ ಇಡಬೇಕೆಂಬುದನ್ನು. ಬಲಗೈಯ ಕಡೆಗಿರುವ ಕಟ್ಟಿಗೆಯ ವಾದ್ಯವು ತಬಲಾ. ಎಡಗೈಯ ಕಡೆಗಿರುವ ಲೋಹದ ದುಂಡು ವಾದ್ಯವು ಬಾಯಾ. ನಮ್ಮ ಧಾರವಾಡದ ಕಡೆಯವರು ಇದನ್ನು ಡಗ್ಗಾ ಎನ್ನುತ್ತಾರೆ. ಬಲಗೈಯ ಉಂಗುರದ ಬೆರಳನ್ನು ನಡುವಣ ಕಪ್ಪು ಕರಣೆಯ ಅಂಚಿಗೆ ಹಗುರವಾಗಿ ತಾಗಿಸಿ, ತೋರುಬೆರಳಿನಿಂದ ವಾದ್ಯದ ಅಂಚನ್ನು ಹೊಡೆದು ಕೂಡಲೇ ಎತ್ತಿಬಿಟ್ಟರೆ ನಾ ಎಂಬ ನಾದ ಹೊರಡುತ್ತದೆ. ಉಂಗುರದ ಬೆರಳು ಕೊಂಚ ಭಾರವಾದರೂ ನಾದ ಸಾಯುತ್ತದೆ. ಪೂರ್ತಿ ಮೇಲೆದ್ದರೆ ಸ್ವರ ಶುದ್ಧವಾಗಿ ಬಾರದೆ ಕಲಸಿಹೋಗುತ್ತದೆ. ಎಡಗೈಯ ಮಣಿಕಟ್ಟನ್ನು ಡಗ್ಗಾದ ಮೇಲೆ ಊರಿ ಬೆರಳಿನಿಂದ ಹೊಡೆದರೆ ಗೆ. ಎರಡೂ ಕೂಡಿ ಒಂದೇ ಕ್ಷಣದಲ್ಲಿ ನುಡಿದರೆ ಧಾ. ಕೂದಲೆಳೆಯಷ್ಟು ಹಿಂದುಮುಂದಾದರೂ ಅದು ಧಾ ಅಲ್ಲ, ಎರಡು ಬೇರೆ ಸದ್ದುಗಳು. ಇಷ್ಟು ಸಾಧಿಸಲು ತಿಂಗಳುಗಳು ಬೇಕು. ಆರು ವಾರಗಳಲ್ಲಿ ನನ್ನ ನಾ ಒಡೆದ ಮಡಕೆಯ ಸದ್ದಿನಿಂದ ಮುಂದೆ ಹೋಗಲಿಲ್ಲ.

ಆ ಮೇಲೆ ತೇಟೆ. ಬೆರಳುಗಳನ್ನು ಒಂದರ ಹಿಂದೊಂದು ಕರಣೆಯ ನಡುವೆ ಹೊಡೆಯುವ ಈ ಎರಡಕ್ಷರದ ಪಾಠವನ್ನು ಕಲಿಯುವವನ ನೆರೆಮನೆಯವರಿಗೆ ನಿದ್ರೆಯಿರುವುದಿಲ್ಲ. ಚಾಳಿನಲ್ಲಿ ವಾಸಿಸುವವರಿಗೆ ಇದರ ಅನುಭವವಿದ್ದೀತು. ತೀನ್‌ತಾಲದ 16 ಮಾತ್ರೆಗಳನ್ನು ನಾಲ್ಕು ನಾಲ್ಕರ ನಾಲ್ಕು ಭಾಗಗಳಾಗಿ ಎಣಿಸುತ್ತ, ಮೂರನೆಯ ಭಾಗ ಬಂದಾಗ ಡಗ್ಗಾದ ಗಂಭೀರ ನಾದವನ್ನು ನಿಲ್ಲಿಸಿ, ಮತ್ತೆ ಸರಿಯಾದ ಸ್ಥಳದಲ್ಲಿ ಅದನ್ನು ಬರಮಾಡಿಕೊಳ್ಳಬೇಕು. ಈ ಅಕ್ಷರಗಳಿಂದಲೇ ಕಟ್ಟಿದ ರಚನೆಗೆ ಕಾಯದಾ ಎಂದು ಹೆಸರು. ಕಾಯದೆಯೆಂಬ ನಮ್ಮ ಮಾತೂ ಅದೇ ಶಬ್ದದಿಂದ ಬಂದುದು. ಹಾಕಿಕೊಟ್ಟ ಅಕ್ಷರಗಳನ್ನು ಬಿಟ್ಟು ಹೊರಗೆ ಹೋಗಕೂಡದು. ಅವುಗಳನ್ನೇ ಹಿಂದೆಮುಂದೆ ಮಾಡಿ ಹೊಸ ವಾಕ್ಯಗಳನ್ನು ರಚಿಸಬೇಕು. ವ್ಯಾಕರಣದ ತಾಸಿನಲ್ಲಿ ನಾನು ನಿಮಗೆ ಹೇಳುವುದೂ ಹೆಚ್ಚು ಕಡಿಮೆ ಇದನ್ನೇ.

ಅಹಮದ್ ಜಾನರು ವರ್ಷಗಟ್ಟಲೆ ಮಾಡಿದ ಅಭ್ಯಾಸ ಇಂಥದು. ಒಂದು ದಿನ ಅವರು ಬಾರಿಸುತ್ತಿದ್ದುದನ್ನು ಗುರುಗಳ ತಂದೆಯವರು ನೋಡುತ್ತ ನಿಂತಿದ್ದರಂತೆ. ಬಾಲಕನ ಬೆರಳುಗಳು ಬಾರಿಸುತ್ತಿಲ್ಲ, ನರ್ತಿಸುತ್ತಿವೆ ಎಂದು ಆ ವೃದ್ಧರಿಗೆ ತೋರಿತು. ಹಿಂದಿಯಲ್ಲಿ ಥಿರಕನಾ ಎಂದರೆ ಚುರುಕಾದ ಹೆಜ್ಜೆಗಳಿಂದ ಕುಣಿಯುವುದು. ಅಂದಿನಿಂದ ಥಿರಕವಾ ಎಂಬ ಅಡ್ಡಹೆಸರು ಅಂಟಿಕೊಂಡಿತು. ದೊಡ್ಡವರಾದ ಮೇಲೆಯೂ ಅವರು ಅದನ್ನು ಬಿಡಲಿಲ್ಲ; ಸಾಧನೆಯ ಕೋಣೆಯಲ್ಲಿ ದೊರೆತ ಆ ಹೆಸರಿನಿಂದಲೇ ದೇಶವೆಲ್ಲ ಅವರನ್ನು ಗುರುತಿಸಿತು.

ಹದಿನಾರನೆಯ ವಯಸ್ಸಿನಲ್ಲಿ ಅವರು ಮುಂಬಯಿಯ ಖೇತವಾಡಿಯಲ್ಲಿ ಮೊದಲನೆಯ ಸಲ ದೊಡ್ಡ ಸಭೆಯ ಮುಂದೆ ಬಾರಿಸಿದರು. ಗಿರಗಾಂವದ ಮಗ್ಗುಲಿನ ಆ ಓಣಿಗಳಲ್ಲಿ ನೀವು ಎಷ್ಟೋ ಸಲ ನಡೆದಾಡಿರಬಹುದು.

ಮುಂದೆ ಅವರನ್ನು ಮನೆಮನೆಯ ಮಾತನ್ನಾಗಿ ಮಾಡಿದ್ದು ರಂಗಭೂಮಿ. ಸ್ತ್ರೀಪಾತ್ರಗಳಿಗೂ ಗಾಯನಕ್ಕೂ ಹೆಸರಾದ ಬಾಲಗಂಧರ್ವರು 1913ರಲ್ಲಿ ಗಂಧರ್ವ ನಾಟಕ ಮಂಡಳಿಯನ್ನು ಸ್ಥಾಪಿಸಿದ್ದರು. (ಬಾಲಗಂಧರ್ವರು ಮೊದಲು ಸೇರಿದ್ದ ಕಿರ್ಲೋಸ್ಕರ ಮಂಡಳಿಯ ಮೂಲಪುರುಷರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೆಂಬುದನ್ನು ಇಲ್ಲಿ ಹೇಳದೆ ಇರಲಾರೆ.) ಥಿರಕವಾ ಅವರು ಈ ಮಂಡಳಿಯ ತಬಲಾ ವಾದಕರಾದರು. ನಾಟಕಗಳು ರಾತ್ರಿ ಬಹಳ ಹೊತ್ತು ನಡೆಯುತ್ತಿದ್ದವು. ಪ್ರೇಕ್ಷಕರು ಒಂದೇ ಪದವನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು. ಬಾಲಗಂಧರ್ವರು ಪ್ರತಿ ಸಲವೂ ಹೊಸ ರೀತಿಯಲ್ಲಿ ಹಾಡುವರು. ಅವರನ್ನು ಅನುಸರಿಸುವ ತಬಲಾ ವಾದಕನಿಗೆ ತನ್ನ ವಿದ್ಯೆಯನ್ನು ತೋರಿಸಲು ಅವಕಾಶವೇ ಇಲ್ಲ. ಒಂದು ಮಾತ್ರೆ ತಪ್ಪಿದರೆ ಮಾತ್ರ ಎಲ್ಲರಿಗೂ ತಿಳಿಯುತ್ತದೆ. ನೂರಾರು ರಚನೆಗಳನ್ನು ಬಲ್ಲ ಥಿರಕವಾ ಅವರು ಅಲ್ಲಿ ಸಾದಾ ಠೇಕಾ ಬಾರಿಸಿ ಮೆಚ್ಚಿಗೆ ಪಡೆದರು. ಇದು ನನಗೆ ಅವರ ಸ್ವತಂತ್ರ ವಾದನಕ್ಕಿಂತಲೂ ದೊಡ್ಡದಾಗಿ ತೋರುತ್ತದೆ. ಸಂಗೀತ ಬಲ್ಲವರು ಒಪ್ಪಲಿಕ್ಕಿಲ್ಲ.

ಮಾತನಾಡುವ ಚಲನಚಿತ್ರಗಳು ಬಂದ ಮೇಲೆ ನಾಟಕ ಮಂಡಳಿಗಳ ವೈಭವ ಇಳಿಯಿತು. ಬಾಲಗಂಧರ್ವರೇ 1935ರಲ್ಲಿ ಪ್ರಭಾತ ಸಂಸ್ಥೆಯ ಚಿತ್ರದಲ್ಲಿ ನಟಿಸಿದರು. 1936ರಲ್ಲಿ ಥಿರಕವಾ ಅವರು ರಾಂಪುರದ ನವಾಬರ ಆಸ್ಥಾನವನ್ನು ಸೇರಿದರು. ದೇಶದ ಹಿರಿಯ ಸಂಗೀತಗಾರರ ಗೋಷ್ಠಿಗಳಲ್ಲಿ ಅವರು ಬಾರಿಸಿದರು. ಸ್ವಾತಂತ್ರ್ಯಾನಂತರ ಸಂಸ್ಥಾನಗಳು ಹೋದವು. ಅವರು ಲಖನೌದ ಭಾತಖಂಡೆ ಸಂಗೀತ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಗಾಯಕನ ಹಿಂದೆ ಕುಳಿತುಕೊಳ್ಳುವವನೆಂದು ತಬಲಾ ವಾದಕನನ್ನು ಕಡೆಗಣಿಸುತ್ತಿದ್ದ ಕಾಲವೊಂದಿತ್ತು. ಥಿರಕವಾ ಅವರು ತಬಲಾ ಒಂದನ್ನೇ ಮುಂದಿಟ್ಟುಕೊಂಡು ಇಡೀ ಸಭೆಯನ್ನು ಗಂಟೆಗಟ್ಟಲೆ ಹಿಡಿದು ನಿಲ್ಲಿಸಿದರು. ಸಂಗೀತ ನಾಟಕ ಅಕಾಡೆಮಿಯು ಪ್ರಶಸ್ತಿ ಕೊಡಲು ಆರಂಭಿಸಿದ ಮೊದಲ ವರ್ಷಗಳಲ್ಲಿಯೇ ಅವರಿಗೆ ಪ್ರಶಸ್ತಿ ಬಂದಿತು; 1970ರಲ್ಲಿ ಪದ್ಮಭೂಷಣ ದೊರೆಯಿತು. ಶಿಷ್ಯರಲ್ಲಿ ನಿಖಿಲ್ ಘೋಷರು ಮುಂಬಯಿಯಲ್ಲಿಯೇ 1956ರಲ್ಲಿ ಸಂಗೀತ ಮಹಾಭಾರತಿಯೆಂಬ ಶಾಲೆಯನ್ನು ಸ್ಥಾಪಿಸಿದರು. ಮುನೀರ್ ಖಾನರ ಸೋದರಳಿಯ ಅಮೀರ್ ಹುಸೇನ್ ಖಾನರೂ ಈ ನಗರದಲ್ಲಿ ಅನೇಕರಿಗೆ ಕಲಿಸಿದರು. ಹೀಗೆ ಅಂದಿನ ಆ ಗುರುಗಳ ಪಾಠ ಇಲ್ಲಿಯ ಎಷ್ಟೋ ಮನೆಗಳಲ್ಲಿ ಹರಡಿಕೊಂಡಿತು.

1976ನೆಯ ಇಸವಿಯ ಜನವರಿ 13ರಂದು ಥಿರಕವಾ ಅವರು ಲಖನೌದಲ್ಲಿ ನಿಧನ ಹೊಂದಿದರು. ವೃದ್ಧಾಪ್ಯದಲ್ಲಿಯೂ ಅವರು ಸಭೆಗಳಲ್ಲಿ ಬಾರಿಸುತ್ತಿದ್ದರು.

ಅವರ ಧ್ವನಿಮುದ್ರಿಕೆಗಳು ಇಂದಿಗೂ ಕೇಳಲು ದೊರೆಯುತ್ತವೆ. ದೀಪಾವಳಿಯ ರಜೆಯಲ್ಲಿ ಒಂದನ್ನು ಕೇಳಿದೆ. ವೇಗದ ಚಮತ್ಕಾರವನ್ನು ನಿರೀಕ್ಷಿಸಿ ಕುಳಿತಿದ್ದ ನನಗೆ ಕೇಳಿಬಂದ ಅಕ್ಷರಗಳು ನನ್ನ ಆರು ವಾರದ ಪಾಠದವೇ: ಧಾ, ತೇಟೆ, ನಾ. ಒಂದೊಂದೂ ಬಿಡಿಸಿಟ್ಟ ಮುತ್ತಿನಂತೆ ಬೇರೆ ಬೇರೆಯಾಗಿತ್ತು. ಮರುದಿನ ನನ್ನ ತಬಲಾದ ಮೇಲಿನ ಪುಸ್ತಕಗಳನ್ನು ಇಳಿಸಿ ಧೂಳು ಒರೆಸಿದೆ. ಬಾರುಗಳು ಸಡಿಲಾಗಿವೆ; ಕಟ್ಟಿಗೆಯ ಗಟ್ಟಿಗಳನ್ನು ಹೊಡೆದು ಸ್ವರ ಏರಿಸಬೇಕು. ಡಗ್ಗಾ ಮಾತ್ರ ಚೆನ್ನಾಗಿದೆ. ಹಿಂದಿನ ಬೆಂಚಿನ ಆ ಇಬ್ಬರೂ ಸಂಜೆಯ ಹೊತ್ತು ನಮ್ಮ ಮನೆಗೆ ಬಂದರೆ ಅವನ್ನು ಸರಿಪಡಿಸಲು ಮೂವರೂ ಕೂಡಿ ಹೋಗಬಹುದು.