ಜೇಮ್ಸ್ ಸ್ಟಾರ್ಲಿ

ಸೀತಾನದಿಯ ಸಮೀಪದಲ್ಲಿರುವ ಬಾರ್ಕೂರು ಒಂದು ಕಾಲದಲ್ಲಿ ಆಳುಪ ಅರಸರ ರಾಜಧಾನಿಯಾಗಿದ್ದಿತು. ಅಲ್ಲಿಯ ಹಳೆಯ ಗುಡಿ ಬಸದಿಗಳನ್ನು ಬಳಸಿಕೊಂಡು ಹೋಗುವ ದಾರಿಗಳಲ್ಲಿ ಇಂದು ಕಾರು, ಜೀಪು, ಲಾರಿಗಳು ಓಡಾಡುತ್ತವೆ. ಮಳೆಗಾಲದಲ್ಲಿ ನೀರು ನಿಂತ ರಸ್ತೆಗಳನ್ನು ಹಾಯ್ದು ಬರುವ ವಾಹನಗಳ ಹಿಂದಿನ ಅಚ್ಚಿನ ಗೂಡಿನೊಳಕ್ಕೆ ಒಮ್ಮೊಮ್ಮೆ ನೀರು ಸೇರುವುದುಂಟು. ಆಗ ಗೇರೆಣ್ಣೆಯು ಹಾಲಿನಂತೆ ಬೆಳ್ಳಗಾಗುತ್ತದೆ. ಬೇರಿಂಗುಗಳು ತುಕ್ಕು ಹಿಡಿದು ಬಿಗಿದುಕೊಳ್ಳುತ್ತವೆ. ಕೊನೆಗೊಂದು ದಿನ ಹಲ್ಲುಚಕ್ರದ ಹಲ್ಲೋ ಚಕ್ರ ತಿರುಗಿಸುವ ದಂಡವೋ ಮುರಿದು ವಾಹನವು ನಿಂತುಬಿಡುತ್ತದೆ.

ಇಂತಹ ವಾಹನವನ್ನು ಬಿಚ್ಚುವ ಮೆಕ್ಯಾನಿಕನ ಕೆಲಸವನ್ನು ನೀವು ಒಮ್ಮೆ ನಿಂತು ನೋಡಬೇಕು. ಆತನು ಮೊದಲು ಎಣ್ಣೆಯನ್ನು ಬಸಿದು, ಅದರಲ್ಲಿ ಲೋಹದ ಚೂರುಗಳಿವೆಯೇ ಎಂದು ಪರೀಕ್ಷಿಸುತ್ತಾನೆ. ಮುರಿದ ದಂಡದ ತುಂಡು ಒಳಗೇ ಉಳಿದಿದ್ದರೆ, ಕೆಲವು ವಾಹನಗಳಲ್ಲಿ ಎದುರು ಬದಿಯ ದಂಡವನ್ನು ಕಳಚಿ, ಅಲ್ಲಿಂದ ಉದ್ದವಾದ ಸರಳನ್ನು ತೂರಿಸಿ ಅದನ್ನು ಹೊರದೂಡಬಹುದು. ನಡುವೆ ಪಿನ್ನು ಅಡ್ಡವಾಗಿದ್ದರೆ ಈ ಉಪಾಯವು ಸಾಗದು. ಹಲ್ಲುಚಕ್ರಗಳ ಇಡೀ ಜೋಡಣೆಯನ್ನೇ ಹೊರತೆಗೆಯಬೇಕಾಗುತ್ತದೆ. ಬೇರಿಂಗಿನ ಮುಚ್ಚಳಗಳು ಎಡಬಲ ಅದಲುಬದಲಾಗದಂತೆ ಅವುಗಳಿಗೆ ಗುರುತು ಹಾಕಿಯೇ ಕಳಚುವುದು ಕ್ರಮ. ಬಿಗಿದುಕೊಂಡ ಬೇರಿಂಗನ್ನು ಸುತ್ತಿಗೆಯಿಂದ ಬಡಿಯದೆ ಪುಲ್ಲರಿನಿಂದ ಮೆಲ್ಲನೆ ಎಳೆದು ತೆಗೆಯಬೇಕು. ಮುರಿದ ಒಂದೇ ಒಂದು ಚೂರು ಗೂಡಿನಲ್ಲಿ ಉಳಿದರೂ ಅದು ಹೊಸ ಹಲ್ಲುಗಳ ನಡುವೆ ಸಿಕ್ಕಿ ಅವನ್ನೂ ಮುರಿಯುತ್ತದೆ. ಇಷ್ಟು ಎಚ್ಚರದಿಂದ ಬಿಚ್ಚಬೇಕಾದ ಈ ಯಂತ್ರಭಾಗಕ್ಕೆ ಡಿಫರೆನ್ಷಿಯಲ್ ಎಂದು ಹೆಸರು. ಇದನ್ನು ಮೂರು ಗಾಲಿಯ ತುಳಿಬಂಡಿಗೆ ಅಳವಡಿಸಿ ಬಳಕೆಗೆ ತಂದವನು ಜೇಮ್ಸ್ ಸ್ಟಾರ್ಲಿ ಎಂಬ ಒಬ್ಬ ರೈತನ ಮಗ.

ಸ್ಟಾರ್ಲಿಯು 1830ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಆಲ್ಬೋರ್ನ್ ಎಂಬ ಹಳ್ಳಿಯಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ಹರಿದ ಕೊಡೆಯ ಕಡ್ಡಿಯಿಂದ ಇಲಿಬೋನನ್ನು ರಚಿಸಿದ್ದನೆಂದು ಹೇಳುತ್ತಾರೆ. ಬೇಸಾಯದಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಎಳೆಯ ವಯಸ್ಸಿನಲ್ಲಿಯೇ ಮನೆ ಬಿಟ್ಟು ಲಂಡನ್ನಿನ ಕಡೆಗೆ ಹೋದನು. ಲೂಯಿಷಮ್‌ನಲ್ಲಿ ಹಡಗುಯಂತ್ರಗಳ ತಯಾರಕನಾದ ಜಾನ್ ಪೆನ್ ಎಂಬಾತನ ಮನೆಯಲ್ಲಿ ತೋಟಗಾರನಾಗಿ ಸೇರಿಕೊಂಡನು. ಆ ಮನೆಯಲ್ಲೊಂದು ಹೊಲಿಗೆ ಯಂತ್ರವಿದ್ದಿತು. ಆ ಕಾಲಕ್ಕೆ ಅದು ದುಬಾರಿಯಾದ ಅಪೂರ್ವ ವಸ್ತು. ಅದು ಕೆಟ್ಟು ನಿಂತಾಗ ತೋಟಗಾರನು ಅದನ್ನು ಬಿಚ್ಚಿ ಸರಿಪಡಿಸಿದನು. ಸರಿಪಡಿಸಿದ್ದಲ್ಲದೆ ಅದಕ್ಕಿಂತ ಉತ್ತಮವಾಗಿ ಹೊಲಿಯುವ ಬಗೆಯನ್ನೂ ಯೋಚಿಸಿದನು. ಒಡೆಯನು ಅವನ ಕೈಚಳಕವನ್ನು ಕಂಡು, ಹೊಲಿಗೆ ಯಂತ್ರದ ಉದ್ಯಮದಲ್ಲಿದ್ದ ಜೋಸಯ್ಯ ಟರ್ನರ್ ಎಂಬವನಿಗೆ ಅವನನ್ನು ಪರಿಚಯಿಸಿದನು. 1861ರ ಸುಮಾರಿಗೆ ಇಬ್ಬರೂ ಕವೆಂಟ್ರಿ ನಗರಕ್ಕೆ ಹೋಗಿ ಹೊಲಿಗೆ ಯಂತ್ರಗಳನ್ನು ತಯಾರಿಸತೊಡಗಿದರು.

1868ರಲ್ಲಿ ಟರ್ನರನ ಸೋದರನ ಮಗನು ಪ್ಯಾರಿಸ್ಸಿನಿಂದ ಒಂದು ತುಳಿಬಂಡಿಯನ್ನು ಅಲ್ಲಿಗೆ ತಂದನು. ಮರದ ಗಾಲಿಗಳಿಗೆ ಕಬ್ಬಿಣದ ಪಟ್ಟಿ ಹೊಡೆದಿದ್ದ ಆ ಬಂಡಿಯಲ್ಲಿ ಕುಳಿತವನ ಮೂಳೆಗಳು ನಡುಗುತ್ತಿದ್ದವು. ಅದನ್ನು ನೋಡಿದ ಸ್ಟಾರ್ಲಿಗೆ ಬೇರೆಯೇ ಬಂಡಿ ಕಾಣಿಸಿರಬೇಕು. 1870ರಲ್ಲಿ ವಿಲಿಯಂ ಹಿಲ್‌ಮನ್ನನ ಜೊತೆಗೂಡಿ ತಂತಿ ಕಡ್ಡಿಗಳ ಹಗುರವಾದ ಗಾಲಿಯುಳ್ಳ ಏರಿಯಲ್ ಎಂಬ ಸೈಕಲ್ಲಿಗೆ ಹಕ್ಕುಪತ್ರ ಪಡೆದನು. 1874ರಲ್ಲಿ ಕಡ್ಡಿಗಳನ್ನು ನಾಭಿಯಿಂದ ನೇರವಾಗಿ ನಿಲ್ಲಿಸದೆ ಓರೆಯಾಗಿ ಹೆಣೆಯುವ ಕ್ರಮವನ್ನು ಕಂಡುಹಿಡಿದನು. ನಿಮ್ಮ ಸೈಕಲ್ಲಿನ ಹಿಂದಿನ ಗಾಲಿಯನ್ನು ನೋಡಿದರೆ ಆ ಹೆಣಿಗೆಯು ಕಣ್ಣಿಗೆ ಬೀಳುತ್ತದೆ.

ಮುಂದೆ ಆತನು ಇಬ್ಬರು ಅಕ್ಕಪಕ್ಕದಲ್ಲಿ ಕುಳಿತು ತುಳಿಯುವ ಬಂಡಿಯನ್ನು ರಚಿಸಿದನು. ಎಡಗಡೆಯವನು ಎಡಗಾಲಿಯನ್ನೂ ಬಲಗಡೆಯವನು ಬಲಗಾಲಿಯನ್ನೂ ನಡೆಸಬೇಕು. ಒಂದು ದಿನ ಸ್ಟಾರ್ಲಿಯೂ ಅವನ ಮಗ ವಿಲಿಯಂನೂ ಅದರಲ್ಲಿ ಕುಳಿತು ಹೊರಟರು. ಮಗನ ಕಾಲಿನಲ್ಲಿ ಹರೆಯದ ಬಲವಿದ್ದಿತು. ತಂದೆಗೆ ವಯಸ್ಸು ನಲವತ್ತು ಮೀರಿದ್ದಿತು. ಮಗನ ಕಡೆಯ ಗಾಲಿಯು ಮುಂದೋಡಿ, ಬಂಡಿಯು ಹೊರಳಿ, ತಂದೆಯು ರಸ್ತೆಯ ಅಂಚಿನ ತುರಿಕೆ ಗಿಡಗಳ ಮೇಲೆ ಬಿದ್ದನೆಂಬ ಕಥೆಯು ಪ್ರಚಲಿತವಾಗಿದೆ. ಬಂಡಿಯನ್ನು ಬದಿಗೊತ್ತಿ ಆತನು ಅಲ್ಲಿಯೇ ಚಿಂತಿಸುತ್ತ ಕುಳಿತನಂತೆ.

ಎರಡು ಗಾಲಿಗಳನ್ನು ಒಂದೇ ಅಚ್ಚಿಗೆ ಬಿಗಿದುಬಿಟ್ಟರೆ ಸಾಲದೆ? ಸಾಲದು. ಬಂಡಿಯು ತಿರುಗುವಾಗ ಹೊರಗಿನ ಗಾಲಿಯು ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಗಾಲಿಗಳ ನಡುವಣ ಅಂತರವು ಒಂದೂವರೆ ಮೀಟರ್ ಆಗಿದ್ದರೆ, ಒಂದು ಪೂರ್ಣ ಸುತ್ತಿಗೆ ಹೊರಗಿನದು ಸುಮಾರು 9.4 ಮೀಟರ್ ಅಧಿಕ ದೂರವನ್ನು ಕ್ರಮಿಸುತ್ತದೆ. ಅಚ್ಚಿಗೆ ಬಿಗಿದ ಗಾಲಿಗಳಾದರೆ ಒಂದು ನೆಲವನ್ನು ಉಜ್ಜುತ್ತ ಜಾರಲೇಬೇಕು. ಆದುದರಿಂದ ಸ್ಟಾರ್ಲಿಯು ಅಚ್ಚನ್ನು ನಡುವೆ ಎರಡು ಭಾಗ ಮಾಡಿ, ಪ್ರತಿಯೊಂದರ ತುದಿಗೂ ಓರೆಹಲ್ಲಿನ ಚಕ್ರವನ್ನು ತೊಡಿಸಿ, ಅವೆರಡರ ನಡುವೆ ಚಿಕ್ಕ ಓರೆಹಲ್ಲಿನ ಚಕ್ರಗಳನ್ನು ಕೂಡಿಸಿದನು. ತುಳಿಯುವ ಬಲವು ಚಿಕ್ಕ ಚಕ್ರಗಳನ್ನು ಹೊತ್ತ ಚೌಕಟ್ಟಿಗೆ ಬರುತ್ತದೆ. ದಾರಿ ನೇರವಾಗಿದ್ದಾಗ ಎಲ್ಲವೂ ಒಂದಾಗಿ ತಿರುಗುತ್ತವೆ; ತಿರುವಿನಲ್ಲಿ ಚಿಕ್ಕ ಚಕ್ರಗಳು ತಮ್ಮಷ್ಟಕ್ಕೆ ಉರುಳಿ, ಒಂದು ಗಾಲಿಯು ಕಳೆದುಕೊಂಡ ವೇಗವನ್ನು ಇನ್ನೊಂದಕ್ಕೆ ಕೊಡುತ್ತವೆ. ಬಲವು ಮಾತ್ರ ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ. ಫ್ರಾನ್ಸಿನ ಪೆಕ್ಕೂರ್ ಎಂಬಾತನು ಅರ್ಧ ಶತಮಾನದ ಹಿಂದೆಯೇ ಉಗಿಬಂಡಿಗಾಗಿ ಇಂತಹುದೇ ಯುಕ್ತಿಯನ್ನು ಕಂಡಿದ್ದನು. ಅದನ್ನು ಜನಸಾಮಾನ್ಯರ ಬಂಡಿಯಲ್ಲಿ ಓಡಿಸಿ ತೋರಿಸಿದ ಕೀರ್ತಿಯು ಸ್ಟಾರ್ಲಿಗೆ ಸಲ್ಲಬೇಕು. 1877ರಲ್ಲಿ ಸಾಲ್ವೋ ಎಂಬ ಹೆಸರಿನಿಂದ ಆ ಬಂಡಿಯು ಹೊರಬಂದಿತು.

ವಿಕ್ಟೋರಿಯಾ ರಾಣಿಯು ವೈಟ್ ದ್ವೀಪದಲ್ಲಿ ಯುವತಿಯೊಬ್ಬಳು ಸಾಲ್ವೋದಲ್ಲಿ ಹೋಗುವುದನ್ನು ಕಂಡು, 1881ರಲ್ಲಿ ಅಂತಹ ಎರಡು ಬಂಡಿಗಳನ್ನು ತರಿಸಿಕೊಂಡಳು. ತೋಟಗಾರನಾಗಿದ್ದವನು ಅರಮನೆಗೆ ಹೋಗಿ ರಾಣಿಯ ಕೈಯಿಂದ ಗಡಿಯಾರವನ್ನು ಉಡುಗೊರೆಯಾಗಿ ಪಡೆದನು. ಅದೇ ವರ್ಷ ಜೂನ್ 17ರಂದು, ತನ್ನ ಐವತ್ತೊಂದನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು. ಕವೆಂಟ್ರಿಯ ಜನರು 1884ರಲ್ಲಿ ಅವನಿಗೆ ಸ್ಮಾರಕವನ್ನು ನಿಲ್ಲಿಸಿದರು. ಅದಾಗಿ ಎರಡು ವರ್ಷಗಳ ತರುವಾಯ ಜರ್ಮನಿಯಲ್ಲಿ ಕಾರ್ಲ್ ಬೆಂಜನು ತನ್ನ ಮೂರು ಗಾಲಿಯ ಮೋಟಾರು ಬಂಡಿಗೆ ಹಕ್ಕುಪತ್ರ ಪಡೆದನು. ಅದರ ಹಿಂದಿನ ಗಾಲಿಗಳ ನಡುವೆಯೂ ಡಿಫರೆನ್ಷಿಯಲ್ ಇದ್ದಿತು.