ಅನೈರಿನ್ ಬೆವನ್: ಪಕ್ಷವೂ ಪ್ರಜಾರೋಗ್ಯವೂ

ರೋಗವು ಮನೆಯ ಬಾಗಿಲಿಗೆ ಬಂದಾಗ ಮನೆಯವರ ಪಕ್ಷ ಯಾವುದೆಂದು ವಿಚಾರಿಸುವದಿಲ್ಲ. ಆದರೆ ರೋಗಿಯ ಬಳಿಗೆ ವೈದ್ಯನು ಬರುವನೋ ಇಲ್ಲವೋ, ಬಂದರೆ ಅವನ ಸಂಭಾವನೆಯನ್ನು ಯಾರು ತೆರಬೇಕು ಎಂಬ ಪ್ರಶ್ನೆಯನ್ನು ದೇಶದೇಶಗಳಲ್ಲಿ ಪಕ್ಷ ರಾಜಕಾರಣವೇ ನಿರ್ಣಯಿಸುತ್ತ ಬಂದಿದೆ. ಇದನ್ನು ಕಂಡು ಬೇಸತ್ತು, ಪ್ರಜೆಗಳ ಆರೋಗ್ಯವನ್ನು ಪಕ್ಷಗಳ ಕೈಯಿಂದ ಬಿಡಿಸಬೇಕೆಂದು ಹಂಬಲಿಸುವವರು ನಮ್ಮಲ್ಲಿ ಹಲವರಿದ್ದಾರೆ. ಅಂಥವರು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ನಿರ್ಮಾಪಕರಾದ ಅನೈರಿನ್ ಬೆವನ್ನರ ಜೀವನವನ್ನು ಪರಿಶೀಲಿಸುವದು ಒಳ್ಳೆಯದು. ಕಟ್ಟಾ ಪಕ್ಷಾಭಿಮಾನಿಯೊಬ್ಬನು ತನ್ನ ಪಕ್ಷವು ಅಧಿಕಾರ ಕಳೆದುಕೊಂಡ ಮೇಲೆಯೂ ಬಾಳುವಂಥ ಸಂಸ್ಥೆಯನ್ನು ಕಟ್ಟಿದ ಚರಿತ್ರೆ ಅದು.

ಬೆವನ್ನರು 1897ನೆಯ ಇಸವಿ ನವೆಂಬರ್ 15ರಂದು ವೇಲ್ಸ್ ಸೀಮೆಯ ಟ್ರೆಡೀಗರ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಡೇವಿಡ್ ಕಲ್ಲಿದ್ದಲ ಗಣಿಯ ಕೂಲಿಕಾರ. ತಾಯಿ ಫೀಬಿ ಹೊಲಿಗೆಯ ಕೆಲಸ ಬಲ್ಲವಳು. ಆ ದಂಪತಿಗಳ ಹತ್ತು ಮಕ್ಕಳಲ್ಲಿ ಕೆಲವರು ಎಳವೆಯಲ್ಲಿಯೇ ತೀರಿಕೊಂಡರು. ಮಾತಾಡುವಾಗ ತೊದಲುತ್ತಿದ್ದ ಬಾಲಕ ಅನೈರಿನ್ ತನ್ನ 13ನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು ಗಣಿಗಿಳಿದನು. ಕೂಲಿಕಾರರು ತಾವೇ ನಡೆಸುತ್ತಿದ್ದ ಪುಸ್ತಕಾಲಯವು ಅವನ ವಿದ್ಯಾಪೀಠವಾಯಿತು. ತೊದಲುಮಾತಿನೊಡನೆ ಹೋರಾಡಿ ಹೋರಾಡಿಯೇ ಅವನು ಮುಂದೆ ಬ್ರಿಟನ್ನಿನ ಶ್ರೇಷ್ಠ ವಾಗ್ಮಿಗಳಲ್ಲಿ ಒಬ್ಬನೆನಿಸಿದನು. 1925ರಲ್ಲಿ ತಂದೆಯು ಶ್ವಾಸಕೋಶದಲ್ಲಿ ಗಣಿಯ ಧೂಳು ತುಂಬಿ, ಮಗನ ತೋಳುಗಳಲ್ಲಿಯೇ ಪ್ರಾಣ ಬಿಟ್ಟನು. ಆ ರೋಗವು ಪರಿಹಾರಕ್ಕೆ ಅರ್ಹವಾದ ರೋಗಗಳ ಯಾದಿಯಲ್ಲಿ ಆಗ ಸೇರಿರಲಿಲ್ಲ. ಜೀವಮಾನವೆಲ್ಲ ಗಣಿಯಲ್ಲಿ ದುಡಿದವನ ಸಂಸಾರಕ್ಕೆ ಒಂದು ಕಾಸೂ ದೊರೆಯಲಿಲ್ಲ.

ಇಂಥ ಅನ್ಯಾಯದ ನಡುವೆಯೇ ಟ್ರೆಡೀಗರಿನಲ್ಲಿ ಒಂದು ಒಳ್ಳೆಯ ಏರ್ಪಾಡೂ ಇದ್ದಿತು. ಅಲ್ಲಿಯ ಕೂಲಿಕಾರರು ವೈದ್ಯಕೀಯ ಸಹಾಯ ಸಂಘವೊಂದನ್ನು ಕಟ್ಟಿಕೊಂಡು, ಕೂಲಿಯ ಪ್ರತಿ ಪೌಂಡಿಗೆ 3 ಪೆನ್ಸಿನಂತೆ ವಂತಿಗೆ ಕೊಡುತ್ತಿದ್ದರು. ಆ ಹಣದಿಂದ ಸಂಘವು ವೈದ್ಯರನ್ನು ನೇಮಿಸಿ, ಸದಸ್ಯರಿಗೂ ಅವರ ಹೆಂಡಿರು ಮಕ್ಕಳಿಗೂ ಚಿಕಿತ್ಸೆಯನ್ನು ಒದಗಿಸುತ್ತಿತ್ತು. ಬೆವನ್ನರು ಅಲ್ಲಿಯ ದವಾಖಾನೆಯ ಸಮಿತಿಯಲ್ಲಿದ್ದು ಕೆಲಸ ಕಲಿತರು. ಆರೋಗ್ಯವಂತನು ರೋಗಿಯ ಭಾರವನ್ನು ಹೊರುವದು ಸಾಧ್ಯವೆಂಬುದನ್ನು ಅವರು ತಿಳಿದುಕೊಂಡದ್ದು ಗ್ರಂಥಗಳಿಂದಲ್ಲ, ಆ ಸಂಘದ ಲೆಕ್ಕದ ಪುಸ್ತಕಗಳಿಂದ.

ಸರಕಾರವು ಈ ಭಾರದಲ್ಲಿ ಪಾಲುಗೊಳ್ಳಬೇಕೆಂಬ ವಿಚಾರವು ಯುರೋಪಿನಲ್ಲಿ ಹೊಸತಾಗಿರಲಿಲ್ಲ. ಜರ್ಮನಿಯಲ್ಲಿ ಬಿಸ್ಮಾರ್ಕನು 1883ರಲ್ಲಿಯೇ ಕೂಲಿಕಾರರ ರೋಗವಿಮೆಯ ಕಾಯಿದೆಯನ್ನು ಮಾಡಿದ್ದನು. ವಂತಿಗೆಯ ಮೂರರಲ್ಲಿ ಎರಡು ಪಾಲು ಕೂಲಿಕಾರನದು, ಒಂದು ಪಾಲು ಮಾಲಿಕನದು. ಅದು ಕೇವಲ ದಯೆಯಿಂದ ಹುಟ್ಟಿದ ಕಾಯಿದೆಯಲ್ಲ. 1878ರಲ್ಲಿ ಸಮಾಜವಾದಿಗಳ ಸಂಘಟನೆಗಳನ್ನು ನಿಷೇಧಿಸಿದ ಆ ಮುತ್ಸದ್ದಿಯು, ವಿಮೆಯ ಮೂಲಕ ಕೂಲಿಕಾರರ ಮನಸ್ಸನ್ನು ಆ ಪಕ್ಷದಿಂದ ತಿರುಗಿಸಲು ಬಯಸಿದ್ದನು. ಅದನ್ನರಿತ ಸಮಾಜವಾದಿಗಳು ಕಾಯಿದೆಗೆ ವಿರುದ್ಧವಾಗಿ ಮತವಿತ್ತರು. ಬ್ರಿಟನ್ನಿನಲ್ಲಿ ಉದಾರ ಪಕ್ಷದ ಲಾಯ್ಡ್ ಜಾರ್ಜರು 1911ರಲ್ಲಿ ಆದೇ ದಾರಿಯನ್ನು ಹಿಡಿದರು. ವಾರಕ್ಕೆ ಕೂಲಿಕಾರನು 4, ಮಾಲಿಕನು 3, ಸರಕಾರವು 2 ಪೆನ್ಸು ಕೊಡಬೇಕೆಂದು ಗೊತ್ತಾಯಿತು. ಆದರೆ ವೈದ್ಯನ ಚಿಕಿತ್ಸೆಯು ದುಡಿಯುವವನಿಗೆ ಮಾತ್ರ ಸಲ್ಲುತ್ತಿತ್ತು. ಅವನ ಹೆಂಡತಿಗೂ ಮಕ್ಕಳಿಗೂ ಇಲ್ಲ. ಟ್ರೆಡೀಗರಿನ ಗಣಿಯವರು ಮಾಡಿದಷ್ಟನ್ನು ಒಂದು ಸಾಮ್ರಾಜ್ಯದ ಸರಕಾರವು ಮಾಡಿರಲಿಲ್ಲ.

ಬೆವನ್ನರು 1929ರಲ್ಲಿ ಮಜೂರ ಪಕ್ಷದ ವತಿಯಿಂದ ಎಬ್ಬು ವೇಲ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆರಿಸಿ ಬಂದರು. ಸಾಯುವ ತನಕ ಆ ಕ್ಷೇತ್ರವು ಅವರನ್ನು ಕೈಬಿಡಲಿಲ್ಲ. ಅವರಿಗೆ ಪಕ್ಷನಿಷ್ಠೆ ಇದ್ದಿತು, ಪಕ್ಷದ ಮುಂದಾಳುಗಳ ಭಯವಿರಲಿಲ್ಲ. ಫ್ಯಾಸಿಸಂ ವಿರುದ್ಧ ಸರ್ವಪಕ್ಷಗಳ ಒಕ್ಕೂಟವಾಗಬೇಕೆಂದು ವಾದಿಸಿದ್ದಕ್ಕಾಗಿ 1939ರಲ್ಲಿ ಪಕ್ಷವು ಅವರನ್ನು ಹೊರಹಾಕಿತು. ಅದೇ ವರ್ಷದ ಕೊನೆಗೆ ಮರಳಿ ಸೇರಿಸಿಕೊಂಡಿತು. ಯುದ್ಧಕಾಲದಲ್ಲಿ ಚರ್ಚಿಲ್ಲರನ್ನು ನೇರವಾಗಿ ಟೀಕಿಸುವ ಧೈರ್ಯ ತೋರಿದ ಕೆಲವೇ ಸದಸ್ಯರಲ್ಲಿ ಅವರೊಬ್ಬರು.

1945ರ ಜುಲೈಯಲ್ಲಿ ಮಜೂರ ಪಕ್ಷವು ಭಾರಿ ಬಹುಮತದಿಂದ ಗೆದ್ದಿತು. ಪ್ರಧಾನಿ ಆಟ್ಲೀಯವರು 47 ವರ್ಷ ವಯಸ್ಸಿನ ಬೆವನ್ನರನ್ನು ಆರೋಗ್ಯ ಮಂತ್ರಿಯನ್ನಾಗಿ ನೇಮಿಸಿದರು. ಸರ್ವರಿಗೂ ಆರೋಗ್ಯ ಸೇವೆ ಬೇಕೆಂಬ ತತ್ವವು ಆ ವೇಳೆಗೆ ಒಂದೇ ಪಕ್ಷದ ಸೊತ್ತಾಗಿ ಉಳಿದಿರಲಿಲ್ಲ. ಉದಾರ ಪಕ್ಷದ ಬೆವರಿಜ್ಜರು 1942ರಲ್ಲಿಯೇ ಅದನ್ನು ಪ್ರತಿಪಾದಿಸಿದ್ದರು. ಕನ್ಸರ್ವೇಟಿವ್ ಪಕ್ಷದ ಆರೋಗ್ಯ ಮಂತ್ರಿ ವಿಲಿಂಕರು 1944ರಲ್ಲಿ ಸಂಯುಕ್ತ ಸರಕಾರದ ಪರವಾಗಿ ಯೋಜನೆಯನ್ನು ಪ್ರಕಟಿಸಿದ್ದರು. ಭಿನ್ನಾಭಿಪ್ರಾಯವಿದ್ದುದು ಸಾಧನದ ವಿಷಯದಲ್ಲಿ. ಧರ್ಮಸಂಸ್ಥೆಗಳ ಮತ್ತು ನಗರಸಭೆಗಳ ಕೈಯಲ್ಲಿದ್ದ 2,500ಕ್ಕೂ ಮಿಕ್ಕ ದವಾಖಾನೆಗಳನ್ನು ರಾಷ್ಟ್ರದ ಸ್ವತ್ತನ್ನಾಗಿ ಮಾಡಬೇಕೆಂದು ಬೆವನ್ನರು ನಿಶ್ಚಯಿಸಿದರು. ಬಡ ಊರಿನ ದವಾಖಾನೆ ಬಡವಾಗಿಯೇ ಉಳಿಯಬಾರದೆಂಬುದು ಅವರ ವಾದ. ಮೊದಲ ವಿರೋಧವು ಸ್ವಪಕ್ಷದಿಂದಲೇ ಬಂದಿತು. ಸ್ಥಾನಿಕ ಸ್ವರಾಜ್ಯದ ಹಕ್ಕು ಹೋಗುವದೆಂದು ಹರ್ಬರ್ಟ್ ಮಾರಿಸನ್ನರು ಮಂತ್ರಿಮಂಡಲದಲ್ಲಿ ವಾದಿಸಿದರು. ಕನ್ಸರ್ವೇಟಿವರು ತತ್ವವನ್ನೊಪ್ಪಿಯೂ ಮಸೂದೆಗೆ ವಿರೋಧವಾಗಿ ಮತವಿತ್ತರು. 1946ರ ನವೆಂಬರಿನಲ್ಲಿ ಮಸೂದೆಯು ಕಾಯಿದೆಯಾಯಿತು.

ಆದರೆ ಕಾಯಿದೆಯು ವೈದ್ಯರಿಲ್ಲದೆ ಚಿಕಿತ್ಸೆ ಮಾಡಲಾರದು. 1948ರ ಫೆಬ್ರುವರಿಯಲ್ಲಿ ವೈದ್ಯ ಸಂಘವು ಮತ ಕೇಳಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಕಾಯಿದೆಗೆ ವಿರುದ್ಧರಾದರು. ತಮ್ಮನ್ನು ಸರಕಾರಿ ನೌಕರರನ್ನಾಗಿ ಮಾಡುವರೆಂಬುದು ಅವರ ಭೀತಿ. ಹೋರಾಟವೇ ಸ್ವಭಾವವೆನಿಸಿದ್ದ ಬೆವನ್ನರು ಇಲ್ಲಿ ತಾಳ್ಮೆಯನ್ನು ತೋರಿದರು. ದೊಡ್ಡ ದವಾಖಾನೆಗಳ ತಜ್ಞರಿಗೆ ಖಾಸಗಿ ವೃತ್ತಿಯನ್ನೂ ಹಣ ಕೊಡುವ ರೋಗಿಗಳ ಹಾಸಿಗೆಗಳನ್ನೂ ಬಿಟ್ಟುಕೊಟ್ಟರು. ವೈದ್ಯರು ತಮ್ಮ ವೃತ್ತಿಯನ್ನು ಮಾರುವ ರೂಢಿಯನ್ನು ನಿಲ್ಲಿಸಿದರೂ ಅದಕ್ಕೆ ಪ್ರತಿಯಾಗಿ 6 ಕೋಟಿ 60 ಲಕ್ಷ ಪೌಂಡು ಪರಿಹಾರ ನಿಗದಿ ಮಾಡಿದರು. ಪೂರ್ಣ ಸಂಬಳದ ನೌಕರಿಯನ್ನು ಹೇರುವದಿಲ್ಲವೆಂದು ಕಾಯಿದೆಯಿಂದಲೇ ಭರವಸೆಯಿತ್ತರು. ಇದು ಶರಣಾಗತಿಯೆಂದು ಸ್ವಪಕ್ಷದ ಉಗ್ರರು ಗೊಣಗಿದರು. ಚಿಕಿತ್ಸೆಯ ವೇಳೆಗೆ ರೋಗಿಯು ಹಣ ಕೊಡಬೇಕಾಗಿಲ್ಲ, ವೆಚ್ಚವು ಮುಖ್ಯವಾಗಿ ರಾಷ್ಟ್ರದ ತೆರಿಗೆಯಿಂದ ಬರಬೇಕು ಎಂಬ ಎರಡು ಮಾತುಗಳನ್ನು ಮಾತ್ರ ಅವರು ಸಡಿಲಿಸಲಿಲ್ಲ. ವಿರೋಧವು ಕರಗಿತು, 1948ರ ಜುಲೈ 5ರಂದು ಸೇವೆಯು ಆರಂಭವಾಯಿತು.

ಅದರ ಹಿಂದಿನ ದಿನವೇ ಅವರು ಮ್ಯಾಂಚೆಸ್ಟರಿನ ಸಭೆಯಲ್ಲಿ ಬಾಲ್ಯದ ಕಷ್ಟವನ್ನು ನೆನೆದು, ಕನ್ಸರ್ವೇಟಿವರನ್ನು ಕ್ಷುದ್ರ ಜಂತುಗಳಿಗಿಂತ ಕೀಳೆಂದು ಜರೆದರು. ಅದು ಅನುಚಿತವಾದ ಮಾತು. ಅವರ ಪಕ್ಷವು ಅದಕ್ಕಾಗಿ ಬಹುಕಾಲ ಬೆಲೆ ತೆತ್ತಿತು. ಒಂದೇ ಮನುಷ್ಯನ ಕೈ ಸಂಧಾನ ಮಾಡುತ್ತಿರಲು ನಾಲಗೆಯು ಕಲಹ ಮಾಡಿತು. ಕೈಯ ಕೆಲಸವು ಉಳಿದುದು ದೇಶದ ಭಾಗ್ಯ.

ವೆಚ್ಚವು ಅಂದಾಜನ್ನು ಮೀರಿತು. ಕನ್ನಡಕಕ್ಕೂ ಕಟ್ಟುಹಲ್ಲಿಗೂ ಜನರು ಮುಗಿಬಿದ್ದರು. ಕೊರಿಯಾ ಯುದ್ಧದ ನಿಮಿತ್ತ ಶಸ್ತ್ರಾಸ್ತ್ರಗಳ ವೆಚ್ಚ ಏರಿದಾಗ, 1951ರಲ್ಲಿ ಅರ್ಥಮಂತ್ರಿ ಗೇಟ್ಸ್‌ಕೆಲ್ಲರು ಅವುಗಳ ಬೆಲೆಯ ಒಂದು ಭಾಗವನ್ನು ರೋಗಿಗಳಿಂದಲೇ ಪಡೆಯಲು ನಿರ್ಧರಿಸಿದರು. 1949ರಲ್ಲಿ ಔಷಧದ ಚೀಟಿಗೆ ಶುಲ್ಕ ವಿಧಿಸುವ ಅಧಿಕಾರವನ್ನು ಸರಕಾರವು ಕಾಯಿದೆಯಲ್ಲಿ ಸೇರಿಸಿದಾಗ ಬೆವನ್ನರು ಸಹಿಸಿದ್ದರು. ಅದು ಆಗ ಜಾರಿಗೆ ಬರಲಿಲ್ಲ. ಈ ಬಾರಿ ಸಹಿಸದೆ ಮಂತ್ರಿಪದವಿಯನ್ನೇ ತ್ಯಜಿಸಿದರು. ಹೆರಾಲ್ಡ್ ವಿಲ್ಸನ್ನರೂ ಜಾನ್ ಫ್ರೀಮನ್ನರೂ ಅವರೊಡನೆ ಹೊರಬಂದರು. ಪಕ್ಷವು ಒಡೆದು ಬಣಗಳಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸೋತಿತು.

ಆಗಲೇ ಸೇವೆಗೆ ನಿಜವಾದ ಪರೀಕ್ಷೆಯು ಒದಗಿತು. ವಿರೋಧಿಗಳಾಗಿ ಮತವಿತ್ತವರೇ ಈಗ ಅಧಿಕಾರಕ್ಕೆ ಬಂದಿದ್ದರು. ಅವರು 1952ರಲ್ಲಿ ಔಷಧದ ಚೀಟಿಗೆ ಒಂದು ಶಿಲ್ಲಿಂಗು ಶುಲ್ಕ ಹಾಕಿದರು. ಸೇವೆಯನ್ನು ಮಾತ್ರ ಕೆಡವಲಿಲ್ಲ. ದುಂದುವೆಚ್ಚವನ್ನು ಪರಿಶೀಲಿಸಲು ಅವರೇ ನೇಮಿಸಿದ ಗಿಲಿಬೋ ಸಮಿತಿಯು 1956ರಲ್ಲಿ ವರದಿ ಒಪ್ಪಿಸಿ, ರಾಷ್ಟ್ರೀಯ ಆದಾಯದಲ್ಲಿ ಸೇವೆಯ ಪಾಲು ಆರಂಭದಲ್ಲಿ ಶೇಕಡಾ 3¾ ಇದ್ದುದು ಐದು ವರ್ಷಗಳಲ್ಲಿ 3¼ಕ್ಕೆ ಇಳಿದಿತ್ತೆಂದು ತೋರಿಸಿಕೊಟ್ಟಿತು. ಅಂದಿನಿಂದ ಸೇವೆಯನ್ನು ಅಳಿಸುವೆನೆಂದು ಹೇಳಿ ಬ್ರಿಟನ್ನಿನಲ್ಲಿ ಅಧಿಕಾರ ಪಡೆದ ಪಕ್ಷವಿಲ್ಲ.

ಅಮೇರಿಕೆಯ ಚರಿತ್ರೆ ಬೇರೆ. ಅಧ್ಯಕ್ಷ ಟ್ರೂಮನ್ನರು 1945ರ ನವೆಂಬರಿನಲ್ಲಿಯೇ ಸರ್ವರಿಗೂ ಆರೋಗ್ಯವಿಮೆ ಬೇಕೆಂದು ಕಾಂಗ್ರೆಸ್ ಸಭೆಯನ್ನು ಕೇಳಿಕೊಂಡರು. ವೈದ್ಯರ ಸಂಘವು ಅದನ್ನು ಸಮಾಜವಾದವೆಂದು ಬಣ್ಣಿಸಿತು, ಅಧ್ಯಕ್ಷರ ಪಕ್ಷದ ದಕ್ಷಿಣದ ಸದಸ್ಯರೂ ಬೆಂಬಲಕ್ಕೆ ಬರಲಿಲ್ಲ, ಯೋಜನೆ ಬಿದ್ದುಹೋಯಿತು. 1965ರಲ್ಲಿ ಮುದುಕರಿಗೂ ಬಡವರಿಗೂ ಮಾತ್ರ ಏರ್ಪಾಡಾಯಿತು. 2010ರಲ್ಲಿ ವಿಮೆಯನ್ನು ವಿಸ್ತರಿಸಿದ ಕಾಯಿದೆಗೆ ಎದುರು ಪಕ್ಷದ ಒಂದು ಮತವೂ ಬೀಳಲಿಲ್ಲ. ಏಳು ವರ್ಷಗಳ ತರುವಾಯವೂ ಅದನ್ನು ರದ್ದುಗೊಳಿಸುವ ಪ್ರಯತ್ನ ನಡೆಯಿತು. ನೆರೆಯ ಕೆನಡಾದಲ್ಲಾದರೋ ಸಸ್ಕಾಚೆವಾನ್ ಪ್ರಾಂತದ ಸಮಾಜವಾದಿ ಮುಂದಾಳು ಟಾಮಿ ಡಗ್ಲಸರು 1947ರಲ್ಲಿ ದವಾಖಾನೆಯ ವಿಮೆಯನ್ನು ತಂದರು. 1962ರಲ್ಲಿ ಅಲ್ಲಿ ವೈದ್ಯರ ಚಿಕಿತ್ಸೆಗೂ ವಿಮೆ ಬಂದಾಗ ವೈದ್ಯರು 23 ದಿನ ಮುಷ್ಕರ ಹೂಡಿದರು, ಕೊನೆಗೆ ಒಪ್ಪಂದವಾಯಿತು. 1966ರಲ್ಲಿ ಆ ವ್ಯವಸ್ಥೆಯನ್ನು ದೇಶಕ್ಕೆಲ್ಲ ಹರಡುವ ಕಾಯಿದೆ ಮಾಡಿದವರು ಉದಾರ ಪಕ್ಷದ ಪ್ರಧಾನಿ ಪಿಯರ್ಸನ್ನರು. ಒಂದು ಪಕ್ಷವು ನೆಟ್ಟ ಸಸಿಗೆ ಇನ್ನೊಂದು ಪಕ್ಷವು ನೀರೆರೆಯಿತು.

ಬೆವನ್ನರು ಪಕ್ಷದ ನಾಯಕತ್ವವನ್ನು ಪಡೆಯಲಿಲ್ಲ. 1955ರ ಚುನಾವಣೆಯಲ್ಲಿ ಗೇಟ್ಸ್‌ಕೆಲ್ಲರೆದುರು ಸೋತರು. ಸೇವೆಗೆ ಹನ್ನೆರಡು ವರ್ಷ ತುಂಬಿದ ಮರುದಿನ, 1960ರ ಜುಲೈ 6ರಂದು, ಜಠರದ ಅರ್ಬುದದಿಂದ ತೀರಿಕೊಂಡರು. ಅವರ ಜನ್ಮಭೂಮಿಯಾದ ವೇಲ್ಸ್ 2007ರಲ್ಲಿ ಔಷಧದ ಚೀಟಿಯ ಶುಲ್ಕವನ್ನು ತೆಗೆದುಹಾಕಿತು.

ಭಾರತದ ಸ್ವಾತಂತ್ರ್ಯಕ್ಕೆ ಬೆವನ್ನರು ಬೆಂಬಲಿಗರು, ನೆಹರೂರವರಿಗೆ ಮಿತ್ರರು. ಅವರ ಕಾಯಿದೆಯಾದ 1946ರಲ್ಲಿಯೇ ನಮ್ಮ ಭೋರ್ ಸಮಿತಿಯೂ, ಹಣವಿಲ್ಲದ ಕಾರಣದಿಂದ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ವರದಿ ಕೊಟ್ಟಿತು. ಅಲ್ಲಿಯದು ಕಟ್ಟಡವಾಯಿತು, ಇಲ್ಲಿಯದು ಬಹುಮಟ್ಟಿಗೆ ನಕ್ಷೆಯಾಗಿ ಉಳಿಯಿತು. ನಮ್ಮ ವಿದ್ಯಾಲಯಗಳಲ್ಲಿ ಕಲಿತ ಅನೇಕ ವೈದ್ಯರು ಸಮುದ್ರ ದಾಟಿ ಆ ಕಟ್ಟಡಕ್ಕೆ ಕಂಬಗಳಾದರು. ನಮ್ಮ ಸಂವಿಧಾನವು ದವಾಖಾನೆಗಳ ಹೊಣೆಯನ್ನು ಪ್ರಾಂತ ಸರಕಾರಗಳಿಗೆ ವಹಿಸಿದೆ; ಆದುದರಿಂದ ಪಕ್ಷಗಳನ್ನು ಬಿಟ್ಟು ಪ್ರಜಾರೋಗ್ಯದ ವಿಚಾರವೇ ಸಾಧ್ಯವಿಲ್ಲ. ಮತದಾರನು ಪಕ್ಷವನ್ನು ಕೇಳಬೇಕಾದ ಪ್ರಶ್ನೆಗಳು ಎರಡು: ನೀನು ಕಟ್ಟುವದನ್ನು ನಿನ್ನ ವಿರೋಧಿಯೂ ಕಾಪಾಡುವಂತೆ ಕಟ್ಟುವೆಯಾ? ವಿರೋಧಿಯು ಕಟ್ಟಿದ್ದು ಒಳ್ಳೆಯದಾದರೆ ಹೆಸರು ಬದಲಿಸದೆ ಕಾಪಾಡುವೆಯಾ? ಇವೆರಡಕ್ಕೂ ಹೌದೆನ್ನುವ ಪಕ್ಷಗಳು ಸಿಕ್ಕ ದೇಶದಲ್ಲಿ ಬಡ ರೋಗಿಯು ಚುನಾವಣೆಯ ಫಲಿತಾಂಶಕ್ಕೆ ಅಂಜಬೇಕಾಗಿಲ್ಲ.